'ಡೆಲಿಬರೇಟ್' ಅಂದರೆ ಯೋಚಿಸಿದ್ದೋ, ಬೇಕಂತಲೇ ಮಾಡಿದ್ದೋ?

ಪ್ರಶ್ನೆ: ಕೆಲಸದಲ್ಲಿ ದಿನವೂ ಇಂಗ್ಲಿಷ್‌ನಲ್ಲಿ ಇಮೇಲ್ ಬರೆಯಬೇಕು. ಈಚೆಗೆ ಒಂದು ವರದಿಯನ್ನು ಮತ್ತೆ ಮತ್ತೆ ನೋಡಿ, ಯೋಚಿಸಿ, ಸ್ವಲ್ಪ ತಡವಾಗಿ ಕಳಿಸಿದೆ. ಜೊತೆಗೆ 'ಐ ಡೆಲಿಬರೇಟ್ಲಿ ಡಿಲೇಯ್ಡ್ ದ ರಿಪೋರ್ಟ್' ಎಂದು ಬರೆದೆ. ಮೇಲಿನವರು ಸಿಟ್ಟಾದರು. ನಿಘಂಟಿನಲ್ಲಿ ನೋಡಿದರೆ ಡೆಲಿಬರೇಟ್ ಅಂದರೆ 'ಚೆನ್ನಾಗಿ ಆಲೋಚಿಸಿದ' ಎಂದೇ ಇದೆ. ತಪ್ಪು ಎಲ್ಲಿ? ಇದೇ ರೀತಿ ಥಿಂಕ್, ಕನ್ಸಿಡರ್, ಪಾಂಡರ್, ರಿಫ್ಲೆಕ್ಟ್, ಲರ್ನ್, ಸ್ಟಡಿ ಇವೆಲ್ಲ ನನಗೆ ಒಂದರಂತೆ ಒಂದು ಕಾಣುತ್ತವೆ. ಯಾವುದು ಎಲ್ಲಿಗೆ ಸರಿ?

ಉತ್ತರ: ನಿಮ್ಮ ನಿಘಂಟು ಸುಳ್ಳು ಹೇಳಿಲ್ಲ. ಆದರೆ ಅರ್ಧ ಮಾತ್ರ ಹೇಳಿದೆ. ನಿಮ್ಮ ವಾಕ್ಯವನ್ನು ಓದಿದವರಿಗೆ ಕೇಳಿಸಿದ್ದು 'ವರದಿಯನ್ನು ಬೇಕಂತಲೇ ತಡ ಮಾಡಿದೆ' ಎಂದು. ಸಿಟ್ಟು ಬರದೆ ಇನ್ನೇನು? ನೀವು ಬರೆಯಬೇಕಿದ್ದದ್ದು 'ಐ ಟುಕ್ ಸಮ್ ಎಕ್ಸ್ಟ್ರಾ ಟೈಮ್ ಟು ಚೆಕ್ ದ ರಿಪೋರ್ಟ್ ಕೇರ್‌ಫುಲಿ' ಅಷ್ಟೇ. ಇಲ್ಲಿ ದೊಡ್ಡ ಪದ ಬೇಕೇ ಇರಲಿಲ್ಲ.

ಈ ಡೆಲಿಬರೇಟ್ ಪದದ ಸ್ವಭಾವವೇ ಸ್ವಲ್ಪ ವಿಚಿತ್ರ. ಒಂದೇ ಕಾಗುಣಿತ, ಮೂರು ಕೆಲಸ. ಕ್ರಿಯಾಪದವಾಗಿ ಬಂದರೆ ಕೊನೆಯ ಭಾಗವನ್ನು 'ರೇಟ್' ಎಂದು ಎಳೆದು ಹೇಳುತ್ತಾರೆ. ಅರ್ಥ, ಕೂತು ಎಲ್ಲ ಕಡೆಯಿಂದ ಚರ್ಚಿಸುವುದು, ವಿಚಾರ ಮಾಡುವುದು. 'ದ ಜೂರಿ ಈಸ್ ಡೆಲಿಬರೇಟಿಂಗ್' ಅಂದರೆ ಜೂರಿಯವರು ಬಾಗಿಲು ಹಾಕಿಕೊಂಡು ತೀರ್ಪಿನ ಬಗ್ಗೆ ಮಾತಾಡಿಕೊಳ್ಳುತ್ತಿದ್ದಾರೆ ಎಂದು. ವಿಶೇಷಣವಾಗಿ ಬಂದರೆ ಕೊನೆಯ ಭಾಗ ಮೊಟಕಾಗಿ 'ರಿಟ್' ಅನ್ನೋ ಹಾಗೆ ಕೇಳಿಸುತ್ತದೆ. ಆಗ ಎರಡು ಅರ್ಥ. ಒಂದು, ಬೇಕಂತಲೇ ಮಾಡಿದ್ದು. ಇನ್ನೊಂದು, ಅವಸರವಿಲ್ಲದ್ದು. 'ಶಿ ಸ್ಪೋಕ್ ಸ್ಲೋಲಿ ಅಂಡ್ ಡೆಲಿಬರೇಟ್ಲಿ' ಎಂದರೆ ಅವಳು ನಿಧಾನವಾಗಿ, ಒಂದೊಂದು ಮಾತನ್ನೂ ನೋಡಿಕೊಂಡು ಮಾತಾಡಿದಳು ಎಂದು. ಅಲ್ಲಿ ಬೈಗುಳವಿಲ್ಲ, ಹೊಗಳಿಕೆಯೇ ಜಾಸ್ತಿ.

ಹಾಗಾದರೆ ಓದುವವರಿಗೆ ಯಾವ ಅರ್ಥ ಎಂದು ಹೇಗೆ ಗೊತ್ತಾಗುತ್ತದೆ? ಪಕ್ಕದಲ್ಲಿ ಕೂತಿರುವ ಕ್ರಿಯಾಪದದಿಂದ. ಸ್ಪೀಕ್, ವಾಕ್, ಮೂವ್ ಇಂಥವು ಇದ್ದರೆ ನಿಧಾನ, ಎಚ್ಚರ ಅನ್ನೋ ಅರ್ಥ ಬರಬಹುದು. ಡಿಲೇ, ಇಗ್ನೋರ್, ಮಿಸ್‌ಲೀಡ್, ಬ್ರೇಕ್, ಪ್ರವೋಕ್ ಇಂಥವು ಇದ್ದರೆ 'ಬೇಕಂತಲೇ' ಬಿಟ್ಟು ಬೇರೆ ಅರ್ಥವೇ ಇಲ್ಲ. ಪತ್ರಿಕೆ ಓದುವಾಗ ಗಮನಿಸಿ. ಡೆಲಿಬರೇಟ್ಲಿ ಬಂದ ಕಡೆಯೆಲ್ಲ ಬೆಂಕಿ ಹಚ್ಚುವುದು, ದಾರಿ ತಪ್ಪಿಸುವುದು, ಮುಚ್ಚಿಡುವುದು ಇಂಥದ್ದೇ ಸುತ್ತ ಇರುತ್ತದೆ. ಕೆಟ್ಟ ಸಹವಾಸದಿಂದ ಪದಕ್ಕೂ ಕೆಟ್ಟ ಹೆಸರು ಬಂದಿದೆ. ಭಾಷಾಶಾಸ್ತ್ರದಲ್ಲಿ ಇದನ್ನು ಗಂಭೀರವಾಗಿಯೇ ನೋಡಿದ್ದಾರೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಕಂಪ್ಯೂಟರಿನಲ್ಲಿ ರಾಶಿ ರಾಶಿ ಇಂಗ್ಲಿಷ್ ಪಠ್ಯ ಇಟ್ಟುಕೊಂಡು ಪದಗಳ ನೆರೆಹೊರೆಯನ್ನು ಹುಡುಕಿದವರು. 'ಸೆಟ್ ಇನ್' ಎಂಬ ಸಾದಾ ನುಡಿಗಟ್ಟು ಹೆಚ್ಚಾಗಿ ಕೊಳೆತ, ಹತಾಶೆ ಇಂಥ ಬೇಡದ ಸಂಗತಿಗಳ ಜೊತೆಗೇ ಬರುತ್ತದೆ ಎಂದು ಅವರು ತೋರಿಸಿದರು. ನಿಘಂಟಿನ ಅರ್ಥದಲ್ಲಿ ಎಲ್ಲೂ 'ಕೆಟ್ಟದ್ದು' ಎಂದು ಬರೆದಿರುವುದಿಲ್ಲ. ಬಳಕೆಯಲ್ಲಿ ಮಾತ್ರ ಆ ವಾಸನೆ ಇರುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಇಂಗ್ಲಿಷ್ ಪದ ಹಿಡಿದುಕೊಂಡು ಅದಕ್ಕೆ ಕನ್ನಡ ಅರ್ಥ ಹುಡುಕಬೇಡಿ. ಮೊದಲು ನಿಮಗೆ ಹೇಳಬೇಕಾದ ಮಾತನ್ನು ಕನ್ನಡದಲ್ಲಿ ಪೂರ್ತಿ ಹೇಳಿಕೊಳ್ಳಿ. ಒಂದು ಪದವಲ್ಲ, ಪೂರ್ತಿ ವಾಕ್ಯ. ನೀವು ಕೇಳಿದ ವ್ಯತ್ಯಾಸಗಳಲ್ಲಿ ಮುಕ್ಕಾಲು ಪಾಲು ಕನ್ನಡದಲ್ಲಿ ಆಗಲೇ ಇವೆ. ಬೇರೆ ಹೆಸರಿನಲ್ಲಿ ಇರುವುದರಿಂದ ನಮಗೆ ಗುರುತು ಸಿಗುವುದಿಲ್ಲ.

ಈ 'ಬೇಕಂತ' ಅನ್ನುವುದನ್ನೇ ತೆಗೆದುಕೊಳ್ಳಿ. ಯಾರೋ ಒಂದು ಲೋಟ ಕೆಳಗೆ ಬೀಳಿಸಿದರು. ನಾವು ಎಷ್ಟು ಬಗೆಯಲ್ಲಿ ಹೇಳುತ್ತೇವೆ ನೋಡಿ. ಕೈತಪ್ಪಿ ಬಿತ್ತು. ನೋಡದೆ ತಾಗಿಸಿದ. ಗೊತ್ತಿದ್ದೂ ತಾಗಿಸಿದ. ಸಿಟ್ಟಿನಲ್ಲಿ ಬೀಳಿಸಿದ. ಬೇಕಂತಲೇ ಬೀಳಿಸಿದ. ಯೋಚನೆ ಮಾಡಿಯೇ ಬೀಳಿಸಿದ. ಪ್ರತಿಯೊಂದಕ್ಕೂ ಬೈಗುಳದ ಪ್ರಮಾಣ ಬೇರೆ, ಅಲ್ವಾ? ಇಂಗ್ಲಿಷ್ ಮಾಡುವುದೂ ಇದನ್ನೇ. 'ಬೈ ಆಕ್ಸಿಡೆಂಟ್', 'ಕೇರ್‌ಲೆಸ್ಲಿ', 'ನೋಯಿಂಗ್ಲಿ', 'ಇನ್ ಅ ಫಿಟ್ ಆಫ್ ಆ್ಯಂಗರ್', 'ಆನ್ ಪರ್ಪಸ್', 'ಡೆಲಿಬರೇಟ್ಲಿ'.

ಈ ಕೊನೆಯ ಎರಡರ ಜೊತೆ 'ಇಂಟೆನ್ಷನಲಿ' ಸೇರಿಸಿಕೊಂಡು, ಮೂರರ ನಡುವಿನ ವ್ಯತ್ಯಾಸದ ಮೇಲೆ ಆಕ್ಸ್‌ಫರ್ಡ್‌ನ ತತ್ವಜ್ಞಾನಿ ಜೆ.ಎಲ್. ಆಸ್ಟಿನ್ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಅದರ ಹೆಸರು 'ಮಸಿ ಚೆಲ್ಲುವ ಮೂರು ಬಗೆ' ಎಂಬ ಅರ್ಥ ಕೊಡುತ್ತದೆ. ಅವರು 1960ರಲ್ಲಿ ತೀರಿಕೊಂಡರು, ಅದು ಅಚ್ಚಾದದ್ದು 1966ರಲ್ಲಿ. ಅವರ ಮಾತಿನ ಸಾರವನ್ನು ನನ್ನ ಉದಾಹರಣೆಯಲ್ಲಿ ಹೇಳುತ್ತೇನೆ. ಜಗಳದ ನಡುವೆ ಒಬ್ಬ ತಟ್ಟನೆ ಎದುರಿನವನನ್ನು ತಳ್ಳಿಬಿಟ್ಟ. ಕೈ ಜಾರಿ ಆದದ್ದಲ್ಲ, ತಳ್ಳಬೇಕು ಅಂತಲೇ ತಳ್ಳಿದ. ಹಾಗಾಗಿ ಅದು ಇಂಟೆನ್ಷನಲ್. ಆದರೆ ಮಾಡಲೋ ಬೇಡವೋ ಎಂದು ತೂಗಿ ನೋಡುವಷ್ಟು ಹೊತ್ತು ಅವನಿಗೆ ಇರಲಿಲ್ಲ. ಹಾಗಾಗಿ ಡೆಲಿಬರೇಟ್ ಅನ್ನುವುದು ಕಷ್ಟ. ಡೆಲಿಬರೇಟ್ ಆಗಬೇಕಾದರೆ ಎದುರಿಗೆ ಎರಡು ದಾರಿ ಕಂಡಿರಬೇಕು, ಒಂದು ಕ್ಷಣವಾದರೂ ನಿಂತಿರಬೇಕು, ಆಮೇಲೆ ಒಂದನ್ನು ಆರಿಸಿಕೊಂಡಿರಬೇಕು. 'ಆನ್ ಪರ್ಪಸ್' ಅನ್ನುವುದು ಇನ್ನೊಂದು ಕಡೆ ನೋಡುತ್ತದೆ. ಆ ಕೆಲಸದಿಂದ ಏನನ್ನೋ ಪಡೆಯುವ ಗುರಿ ಇತ್ತು ಎಂದು.

ಮಾತಾಡುವಾಗ ಇಂಗ್ಲಿಷಿನವರೂ ಈ ಮೂರನ್ನೂ ಕಲಸಿಬಿಡುತ್ತಾರೆ, ಅದು ನಿಜ. ಮಕ್ಕಳ ಜಗಳದಲ್ಲಿ ಕೇಳಿಸುವುದು 'ಯೂ ಡಿಡ್ ಇಟ್ ಆನ್ ಪರ್ಪಸ್', ಅದು ನಮ್ಮ 'ಬೇಕಂತ ಮಾಡ್ದೆ' ಇದ್ದ ಹಾಗೆ. ಇಂಟೆನ್ಷನಲಿ ಸ್ವಲ್ಪ ಔಪಚಾರಿಕ, ಬಣ್ಣವಿಲ್ಲದ ಪದ. ಒಳ್ಳೆಯ ಕೆಲಸಕ್ಕೂ ನಡೆಯುತ್ತದೆ. 'ಐ ಇಂಟೆನ್ಷನಲಿ ಲೆಫ್ಟ್ ದಿಸ್ ಕಾಲಮ್ ಬ್ಲ್ಯಾಂಕ್' ಎಂದು ಬರೆದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಕಚೇರಿಯ ಇಮೇಲ್‌ಗೆ ಅನುಮಾನ ಬಂದರೆ ಇದನ್ನೇ ಹಿಡಿಯಿರಿ.

ಇದೇ ಆಸ್ಟಿನ್ 1956ರಲ್ಲಿ ಮಾಡಿದ ಇನ್ನೊಂದು ಭಾಷಣದಲ್ಲಿ ಒಂದು ಕತ್ತೆಯ ಕತೆ ಬರುತ್ತದೆ. ನಿಮ್ಮ ಹತ್ತಿರ ಒಂದು ಕತ್ತೆ, ನನ್ನ ಹತ್ತಿರ ಒಂದು. ಎರಡೂ ಒಂದೇ ಬಯಲಲ್ಲಿ ಮೇಯುತ್ತವೆ. ನನಗೆ ನನ್ನ ಕತ್ತೆ ಬೇಡವಾಯಿತು. ಗುರಿಯಿಟ್ಟು ಗುಂಡು ಹೊಡೆದೆ. ಹತ್ತಿರ ಹೋಗಿ ನೋಡಿದರೆ ಸತ್ತದ್ದು ನಿಮ್ಮದು. ಇದು 'ಬೈ ಮಿಸ್ಟೇಕ್'. ಇನ್ನೊಂದು ಸಲ ನನ್ನ ಕತ್ತೆಗೇ ಸರಿಯಾಗಿ ಗುರಿಯಿಟ್ಟೆ, ಅಷ್ಟರಲ್ಲಿ ಅವು ಜಾಗ ಬದಲಿಸಿದವು, ನಿಮ್ಮದು ಬಿತ್ತು. ಇದು 'ಬೈ ಆಕ್ಸಿಡೆಂಟ್'. ಮೊದಲನೆಯದರಲ್ಲಿ ತಪ್ಪಿದ್ದು ನನ್ನ ತಿಳಿವಳಿಕೆ, ಎರಡನೆಯದರಲ್ಲಿ ಗುಂಡು. ಬೇರೆಯವರ ಫೈಲನ್ನು ನಿಮ್ಮದು ಅಂದುಕೊಂಡು ಅಳಿಸಿದರೆ ಮಿಸ್ಟೇಕ್. ಬೆರಳು ತಾಗಿ ಅಳಿಸಿಹೋದರೆ ಆಕ್ಸಿಡೆಂಟ್. ಕ್ಷಮೆ ಕೇಳುವ ಇಮೇಲಿನಲ್ಲಿ ಈ ವ್ಯತ್ಯಾಸ ತುಂಬ ಉಪಯೋಗಕ್ಕೆ ಬರುತ್ತದೆ. ಅಂದಹಾಗೆ, ಅಮೆರಿಕದ ಹೊಸ ತಲೆಮಾರಿನವರು 'ಆನ್ ಪರ್ಪಸ್' ಇದ್ದ ಮೇಲೆ 'ಆನ್ ಆಕ್ಸಿಡೆಂಟ್' ಯಾಕಿರಬಾರದು ಎಂದು ಹಾಗೇ ಹೇಳುವುದುಂಟು. ಬರವಣಿಗೆಗೆ ಇನ್ನೂ 'ಬೈ' ಸರಿ.

ಕಾನೂನಿನವರಿಗೆ ಇದು ಜೀವನ್ಮರಣದ ಪ್ರಶ್ನೆ. 1794ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ಕೊಲೆಯನ್ನು ದರ್ಜೆಗಳಾಗಿ ವಿಂಗಡಿಸಿತು. ಮೊದಲ ದರ್ಜೆಯ ಕೊಲೆಗೆ ಅದು ಬಳಸಿದ ಪದಗಳು ವಿಲ್‌ಫುಲ್, ಡೆಲಿಬರೇಟ್, ಪ್ರಿಮೆಡಿಟೇಟೆಡ್. ಮೂರನೆಯದರ ಒಳಗೆ 'ಮೆಡಿಟೇಟ್' ಅಡಗಿ ಕೂತಿದೆ. ಧ್ಯಾನಕ್ಕೆ ಬಳಸುವ ಪದವೇ ಕೊಲೆಯ ಮುಂಚಿನ ಆಲೋಚನೆಗೂ ಬಂತು! ಕಣ್ಣು ಮುಚ್ಚಿ ಕೂರುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಮೊದಲೇ ಮನಸ್ಸಿನಲ್ಲಿ ಆಡಿಸಿ ನೋಡಿದ್ದು ಎಂದಷ್ಟೇ ಅರ್ಥ. 1962ರಲ್ಲಿ ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಹೊರತಂದ ಮಾದರಿ ದಂಡ ಸಂಹಿತೆ ಮನಸ್ಸಿನ ಸ್ಥಿತಿಯನ್ನು ನಾಲ್ಕು ಮೆಟ್ಟಿಲಾಗಿ ಜೋಡಿಸಿತು. ಪರ್ಪಸ್ಲಿ, ನೋಯಿಂಗ್ಲಿ, ರೆಕ್‌ಲೆಸ್ಲಿ, ನೆಗ್ಲಿಜೆಂಟ್ಲಿ. ಬೇಕಂತಲೇ, ಗೊತ್ತಿದ್ದೂ, ಅಪಾಯ ಕಂಡರೂ ಲೆಕ್ಕಿಸದೆ, ಕಾಣಬೇಕಿದ್ದ ಅಪಾಯವನ್ನೂ ಕಾಣದೆ. ಕನ್ನಡದಲ್ಲಿ ಹೇಳಿಕೊಂಡರೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

'ಪರ್ಪಸ್ಲಿ' ಬಂದ ಮೇಲೆ 'ಪರ್ಪಸ್‌ಫುಲಿ' ಬಗ್ಗೆ ಒಂದು ಎಚ್ಚರಿಕೆ. ಮೊದಲನೆಯದು ಬೇಕಂತ. ಎರಡನೆಯದು ದೃಢ ಗುರಿಯಿಂದ, ಛಲದಿಂದ. 'ಹಿ ವಾಕ್ಡ್ ಪರ್ಪಸ್‌ಫುಲಿ ಟುವರ್ಡ್ಸ್ ದ ಡೋರ್' ಎಂದರೆ ಏನೋ ನಿರ್ಧಾರ ಮಾಡಿಕೊಂಡವನ ಹಾಗೆ ಬಾಗಿಲ ಕಡೆ ನಡೆದ. ಇವೆರಡನ್ನು ಅದಲುಬದಲು ಮಾಡಬೇಡಿ.

ಈಗ ನನಗೆ ಬಹಳ ಇಷ್ಟವಾದ ಒಂದು ಗುಂಪಿಗೆ ಬರೋಣ. ಯೋಚನೆ, ಓದು, ಅಳತೆ, ಲೆಕ್ಕ ಇವುಗಳ ಕ್ರಿಯಾಪದಗಳಿಗೆ ಇಂಗ್ಲಿಷ್ 'ಎಡ್' ಸೇರಿಸಿ ವಿಶೇಷಣ ಮಾಡಿಕೊಂಡಿದೆ. ಕನ್ಸಿಡರ್ಡ್, ಮೆಷರ್ಡ್, ಸ್ಟಡೀಡ್, ಕ್ಯಾಲ್ಕ್ಯುಲೇಟೆಡ್. ಮೇಲ್ನೋಟಕ್ಕೆ ನಾಲ್ಕೂ 'ಯೋಚಿಸಿ ಮಾಡಿದ್ದು'. ಆದರೆ ಒಂದೊಂದರ ಮರ್ಯಾದೆ ಒಂದೊಂದು ಥರ.

'ಕನ್ಸಿಡರ್ಡ್ ಒಪಿನಿಯನ್' ಎಂದರೆ ಸುಮ್ನೆ ಬಾಯಿಗೆ ಬಂದದ್ದಲ್ಲ, ಯೋಚಿಸಿ ಹೇಳಿದ ಅಭಿಪ್ರಾಯ. ಪೂರ್ತಿ ಗೌರವದ ಮಾತು. 'ಮೆಷರ್ಡ್ ರೆಸ್ಪಾನ್ಸ್' ಕೂಡ ಹಾಗೆಯೇ, ಅತಿಗೆ ಹೋಗದ ಪ್ರತಿಕ್ರಿಯೆ, ಅಳೆದು ತೂಗಿ ಆಡಿದ ಮಾತು. 'ಕ್ಯಾಲ್ಕ್ಯುಲೇಟೆಡ್' ಎರಡು ಕಡೆಗೂ ವಾಲುತ್ತದೆ. ಕ್ಯಾಲ್ಕ್ಯುಲೇಟೆಡ್ ರಿಸ್ಕ್ ಜಾಣತನ, ಕ್ಯಾಲ್ಕ್ಯುಲೇಟೆಡ್ ಇನ್ಸಲ್ಟ್ ನೀಚತನ. ಇನ್ನು ಮನುಷ್ಯನನ್ನೇ 'ಕ್ಯಾಲ್ಕ್ಯುಲೇಟಿಂಗ್' ಎಂದರೆ ಮುಗಿಯಿತು, ತನ್ನ ಲಾಭದ ಲೆಕ್ಕ ಬಿಟ್ಟು ಬೇರೇನೂ ಇಲ್ಲದವನು ಎಂದು.

ಎಡವಿಸುವುದು 'ಸ್ಟಡೀಡ್'. ಇದು ಓದಿದವನು ಎಂದಲ್ಲ. 'ಅ ಸ್ಟಡೀಡ್ ಇಂಡಿಫರೆನ್ಸ್' ಅಂದರೆ ಒಳಗೆ ಕುತೂಹಲ ಇದ್ದರೂ ಪ್ರಯತ್ನಪಟ್ಟು ತೋರಿಸಿಕೊಂಡ ನಿರ್ಲಕ್ಷ್ಯ. ಸಹಜವಲ್ಲ, ಅಭ್ಯಾಸ ಮಾಡಿದ್ದು, ಕೃತಕ. 'ಸ್ಟುಡಿಯಸ್' ಎಂದರೆ ಓದಿನಲ್ಲಿ ಶ್ರದ್ಧೆ ಇರುವವರು, ಅದು ಒಳ್ಳೆಯ ಮಾತು. ಆದರೆ ಅದೇ 'ಸ್ಟುಡಿಯಸ್ಲಿ' ಆದ ಕೂಡಲೇ 'ಹಿ ಸ್ಟುಡಿಯಸ್ಲಿ ಅವಾಯ್ಡೆಡ್ ಮೈ ಐಸ್' ಎಂದು ಬರಬಹುದು. ನನ್ನ ಕಣ್ಣು ತಪ್ಪಿಸುವುದಕ್ಕೆ ಅವನು ಬಹಳ ಎಚ್ಚರ ವಹಿಸಿದ ಎಂದು. ಪುಸ್ತಕದ ಮಾತೇ ಇಲ್ಲಿಲ್ಲ. ಇದು ಎಲ್ಲಿಂದ ಬಂತು ಎಂದು ಆಶ್ಚರ್ಯವಾದರೆ ಲ್ಯಾಟಿನ್ ನೋಡಬೇಕು. ಸ್ಟಡಿ, ಸ್ಟೂಡೆಂಟ್ ಎಲ್ಲದರ ಮೂಲ 'ಸ್ಟೂಡಿಯಮ್'. ಅದರ ಅರ್ಥ ಆಸಕ್ತಿ, ಹುರುಪು, ಹಿಡಿದ ಕೆಲಸದ ಮೇಲಿನ ಶ್ರದ್ಧೆ. ಓದು ಆಮೇಲೆ ಬಂದು ಸೇರಿಕೊಂಡದ್ದು.

ಈ ಸಾಲಿನಲ್ಲೇ 'ಅಡ್ವೈಸೆಡ್ಲಿ' ಎಂಬ ಇನ್ನೊಂದಿದೆ. 'ಐ ಯೂಸ್ ದಿಸ್ ವರ್ಡ್ ಅಡ್ವೈಸೆಡ್ಲಿ' ಎಂದು ಯಾರಾದರೂ ಬರೆದರೆ, ಯಾರದೋ ಸಲಹೆ ಕೇಳಿ ಬಳಸಿದ್ದಾರೆ ಎಂದುಕೊಳ್ಳಬೇಡಿ. ಯೋಚಿಸಿಯೇ ಈ ಪದ ಬಳಸಿದ್ದೇನೆ, ಬಾಯಿ ಜಾರಿದ್ದಲ್ಲ ಎಂದು ಹೇಳುತ್ತಿದ್ದಾರೆ. ನೀವು ಬಳಸಬೇಕೆಂದಿಲ್ಲ. ಕಂಡಾಗ ಗೊತ್ತಾದರೆ ಸಾಕು.

ಇನ್ನು ಯೋಚನೆಯ ಪದಗಳು. ಬೇರು ಕೆದಕಿದರೆ ಇವುಗಳಲ್ಲಿ ಅನೇಕವು ತಕ್ಕಡಿಯಿಂದಲೇ ಹುಟ್ಟಿವೆ. ಪಾಂಡರ್ ಬಂದದ್ದು ಲ್ಯಾಟಿನ್ನಿನ 'ಪಾಂಡಸ್', ಅಂದರೆ ತೂಕ ಎಂಬ ಪದದಿಂದ. ಪೆನ್ಸಿವ್ ಅಂದರೆ ಚಿಂತೆಯಲ್ಲಿ ಮುಳುಗಿದ, ಅದೂ ತೂಗುವ ಕ್ರಿಯೆಯಿಂದಲೇ ಬಂದದ್ದು. ಎಕ್ಸಾಮಿನ್ ಪದದ ಹಿಂದಿರುವ 'ಎಕ್ಸಾಮೆನ್' ತಕ್ಕಡಿಯ ಮುಳ್ಳಿನ ಹೆಸರು. ನಮ್ಮ ಡೆಲಿಬರೇಟ್ ಒಳಗಿರುವುದು 'ಲಿಬ್ರಾ', ತಕ್ಕಡಿ. ತುಲಾ ರಾಶಿಗೆ ಇಂಗ್ಲಿಷ್‌ನಲ್ಲಿ ಇರುವ ಹೆಸರು ಅದೇ ಅಲ್ವಾ? ಪೌಂಡ್ ತೂಕವನ್ನು 'ಎಲ್‌ಬಿ' ಎಂದು ಬರೆಯುವುದೂ ಅದರಿಂದಲೇ. ಬಿಡುಗಡೆ ಅನ್ನುವ 'ಲಿಬರೇಟ್'ಗೂ ಇದಕ್ಕೂ ನಂಟಿಲ್ಲ, ಧ್ವನಿಯಲ್ಲಿ ಮಾತ್ರ ಹೋಲಿಕೆ. ನಾವೂ ತೂಗಿ ನೋಡು, ತೂಕದ ಮಾತು ಅನ್ನುತ್ತೇವೆ. ಹಾಗಾಗಿ ಈ ಪದಗಳು ನಮಗೆ ಪರಕೀಯ ಅನಿಸಬೇಕಾಗಿಲ್ಲ.

ಬೇರು ಏನೇ ಇರಲಿ, ಇವತ್ತಿನ ಕೆಲಸ ಬೇರೆ ಬೇರೆ. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಯೋಚನೆಯ ಕೊನೆಗೆ ಒಂದು ತೀರ್ಮಾನ ಬರಬೇಕಾ? ಬರಬೇಕು ಅಂತಾದರೆ ಕನ್ಸಿಡರ್. 'ವಿ ವಿಲ್ ಕನ್ಸಿಡರ್ ಯುವರ್ ಅಪ್ಲಿಕೇಷನ್' ಎಂದರೆ ನೋಡಿ, ಹೌದೋ ಅಲ್ಲವೋ ಹೇಳುತ್ತೇವೆ ಎಂದು. ಕಚೇರಿಯಲ್ಲಿ ನಿಮಗೆ ಹೆಚ್ಚು ಬೇಕಾಗುವುದು ಇದೇ. ಪಾಂಡರ್‌ನಲ್ಲಿ ತೀರ್ಮಾನದ ಅವಸರವಿಲ್ಲ. ಉತ್ತರ ಸಿಗದ ದೊಡ್ಡ ಪ್ರಶ್ನೆಯನ್ನು ಮನಸ್ಸಿನಲ್ಲಿ ಹೊರಳಿಸುವುದು ಅದು. ರಜೆ ಅರ್ಜಿಯ ಬಗ್ಗೆ 'ಐ ಆ್ಯಮ್ ಪಾಂಡರಿಂಗ್ ಯುವರ್ ಲೀವ್ ರಿಕ್ವೆಸ್ಟ್' ಎಂದು ಬರೆದರೆ ನಗು ಬರುತ್ತದೆ. ಕಾಂಟೆಂಪ್ಲೇಟ್ ಇನ್ನೂ ದೀರ್ಘ. ಪ್ರಾಚೀನ ರೋಮಿನಲ್ಲಿ ಶಕುನ ನೋಡುವವರು ಗುರುತು ಹಾಕಿಕೊಂಡ ಜಾಗಕ್ಕೆ 'ಟೆಂಪ್ಲಮ್' ಎನ್ನುತ್ತಿದ್ದರು. ಆ ಪದ ಇದರ ಒಳಗಿದೆ. ಒಂದನ್ನೇ ದಿಟ್ಟಿಸಿ ಕೂರುವ ಭಾವ ಇನ್ನೂ ಉಳಿದಿದೆ. ಆದರೆ 'ಕಾಂಟೆಂಪ್ಲೇಟಿಂಗ್ ರಿಸೈನಿಂಗ್' ಎಂದರೆ ರಾಜೀನಾಮೆ ಕೊಡುವ ಯೋಚನೆಯಲ್ಲಿದ್ದಾರೆ ಎಂದು.

ರಿಫ್ಲೆಕ್ಟ್ ಹಿಂದಕ್ಕೆ ತಿರುಗಿ ನೋಡುವ ಪದ. ಆಗಿಹೋದದ್ದನ್ನು, ಮಾಡಿದ್ದನ್ನು ಮತ್ತೆ ನೋಡಿ ಅದರಿಂದ ಏನು ತಿಳಿಯಿತು ಎಂದು ಕೇಳಿಕೊಳ್ಳುವುದು. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1910ರಲ್ಲೇ 'ರಿಫ್ಲೆಕ್ಟಿವ್ ಥಾಟ್' ಎಂಬುದನ್ನು ಬಿಡಿಸಿ ಹೇಳಿದ್ದರು. ಒಂದು ನಂಬಿಕೆಗೆ ಆಧಾರ ಏನು, ಅದನ್ನು ಒಪ್ಪಿದರೆ ಮುಂದೆ ಏನಾಗುತ್ತದೆ ಎಂದು ಬಿಡದೆ ಪರಿಶೀಲಿಸುವುದು ಅದು. ವರ್ಷದ ಕೊನೆಗೆ ನಿಮ್ಮ ಕೆಲಸದ ಬಗ್ಗೆ 'ಸೆಲ್ಫ್ ರಿಫ್ಲೆಕ್ಷನ್' ಬರೆಯಿರಿ ಎಂದು ಕೇಳಿದರೆ ಅವರು ಕೇಳುತ್ತಿರುವುದು ಮಾಡಿದ ಕೆಲಸದ ಪಟ್ಟಿಯನ್ನಲ್ಲ, ಅದರಿಂದ ಕಲಿತದ್ದನ್ನು. ಎಷ್ಟೋ ಜನ ಪಟ್ಟಿ ಕೊಟ್ಟು ಸುಮ್ಮನಾಗುತ್ತಾರೆ.

ಇಲ್ಲೊಂದು ಮೋಸದ ಜೋಡಿ ಇದೆ. ರೂಮಿನೇಟ್ ಅಂದರೆ ಮೂಲದಲ್ಲಿ ಮೆಲುಕು ಹಾಕು. ಕನ್ನಡದಲ್ಲಿಯೂ ನಾವು ನೆನಪುಗಳನ್ನು ಮೆಲುಕು ಹಾಕುತ್ತೇವೆ. ಪಕ್ಕಾ ಹೊಂದಿಕೆ ಅನಿಸುತ್ತದೆ. ಆದರೆ ನಮ್ಮ ಮೆಲುಕು ಸಿಹಿ. ಹಳೆಯ ಗೆಳೆಯರು, ಒಳ್ಳೆಯ ದಿನಗಳು. ಇಂಗ್ಲಿಷ್‌ನಲ್ಲಿ, ಅದರಲ್ಲೂ ಮನಶ್ಶಾಸ್ತ್ರದಲ್ಲಿ, ರೂಮಿನೇಷನ್ ಅಂದರೆ ಒಂದೇ ಕೊರಗನ್ನು ಬಿಡದೆ ಜಗಿಯುವುದು. ಇದಕ್ಕೂ ಖಿನ್ನತೆಗೂ ಇರುವ ನಂಟನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2003ರಲ್ಲಿ ಅವರೂ ಸಹೋದ್ಯೋಗಿಗಳೂ ಇದನ್ನು ಎರಡಾಗಿ ಬಿಡಿಸಿದರು. ಒಂದು ಬ್ರೂಡಿಂಗ್, ಇನ್ನೊಂದು ರಿಫ್ಲೆಕ್ಷನ್. ಬ್ರೂಡ್ ಅಂದರೆ ಕೋಳಿ ಕಾವು ಕೂರುವುದು. ನನಗೇ ಯಾಕೆ ಹೀಗೆ ಎಂದು ಅದರ ಮೇಲೇ ಕೂತಿರುವುದು ಬ್ರೂಡಿಂಗ್. ಸಮಸ್ಯೆ ಏನು, ಏನು ಮಾಡಬಹುದು ಎಂದು ಒಳಗೆ ನೋಡುವುದು ರಿಫ್ಲೆಕ್ಷನ್. ಹಾಗಾಗಿ ನಿವೃತ್ತರಾಗುವವರ ಬೀಳ್ಕೊಡುಗೆ ಭಾಷಣದಲ್ಲಿ ಹಳೆಯ ದಿನಗಳ ಬಗ್ಗೆ ರೂಮಿನೇಟ್ ಮಾಡುತ್ತಿದ್ದೇನೆ ಎನ್ನಬೇಡಿ. 'ರಿಮಿನಿಸ್' ಎನ್ನಿ. ನಮ್ಮ ಮೆಲುಕು ಅದು.

ಥಿಂಕ್ ಸುಲಭ ಅಂದುಕೊಂಡಿರುತ್ತೇವೆ. ನಿಜಕ್ಕೂ ಕನ್ನಡಿಗರನ್ನು ಅತಿ ಹೆಚ್ಚು ಕಾಡುವುದು ಇದೇ. ಯಾಕೆಂದರೆ ನಮ್ಮ ಎರಡು ಮಾತು ಅದರಲ್ಲಿ ಸೇರಿಕೊಂಡಿವೆ. ಅನಿಸುವುದು ಒಂದು, ಯೋಚಿಸುವುದು ಇನ್ನೊಂದು. 'ಅವನು ಬರುತ್ತಾನೆ ಅನಿಸುತ್ತದೆ' ಎನ್ನುವಾಗ ನಾವೇನೂ ಯೋಚನೆ ಮಾಡುತ್ತಿಲ್ಲ, ನಮಗೆ ಹಾಗೆ ಅನಿಸುತ್ತಿದೆ ಅಷ್ಟೇ. ಅದಕ್ಕೆ ಇಂಗ್ಲಿಷ್‌ನಲ್ಲಿ 'ಐ ಥಿಂಕ್'. ಯೋಚನೆ ನಡೆಯುತ್ತಿದ್ದರೆ 'ಐ ಆ್ಯಮ್ ಥಿಂಕಿಂಗ್'. 'ಐ ಆ್ಯಮ್ ಥಿಂಕಿಂಗ್ ದಟ್ ಹಿ ಈಸ್ ರಾಂಗ್' ಎಂದು ಬರೆಯುವವರು ಇವೆರಡನ್ನು ಕಲಸಿದ್ದಾರೆ. ಇನ್ನೊಂದು ಸೂಕ್ಷ್ಮ. ನಾವು 'ಅದು ಸರಿ ಇಲ್ಲ ಅನಿಸುತ್ತೆ' ಎನ್ನುತ್ತೇವೆ, 'ಇಲ್ಲ' ಒಳಗಿನ ವಾಕ್ಯದಲ್ಲಿ. ಇಂಗ್ಲಿಷ್ ಅದನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. 'ಐ ಡೋಂಟ್ ಥಿಂಕ್ ಇಟ್ ಈಸ್ ರೈಟ್.' ಹೀಗೆ ಹೇಳಿದರೆ ಮಾತು ಮೃದುವಾಗಿಯೂ ಕೇಳಿಸುತ್ತದೆ. 'ಯೋಚನೆ ಮಾಡಬೇಡಿ' ಎಂದು ಯಾರಿಗಾದರೂ ಸಮಾಧಾನ ಹೇಳಬೇಕಾದರೆ ಅದು 'ಡೋಂಟ್ ವರಿ'. 'ಡೋಂಟ್ ಥಿಂಕ್' ಎಂದರೆ ತಲೆ ಓಡಿಸಬೇಡಿ ಎಂದಾದೀತು.

ವ್ಯಾಕರಣದ್ದು ಬೇಗ ಹೇಳಿ ಮುಗಿಸುತ್ತೇನೆ. ಕನ್ಸಿಡರ್ ಮುಂದೆ 'ಅಬೌಟ್' ಬರುವುದಿಲ್ಲ. 'ಬಗ್ಗೆ' ಎಂದು ನಾವು ಅಂದುಕೊಳ್ಳುವುದರಿಂದ ಅದು ನುಸುಳುತ್ತದೆ, ಡಿಸ್ಕಸ್‌ಗೂ ಇದೇ ಗತಿ. 'ಕನ್ಸಿಡರಿಂಗ್ ಟು ಜಾಯಿನ್' ಅಲ್ಲ, 'ಕನ್ಸಿಡರಿಂಗ್ ಜಾಯಿನಿಂಗ್'. ರಿಫ್ಲೆಕ್ಟ್‌ಗೆ 'ಆನ್' ಬೇಕೇ ಬೇಕು. 'ವಾಟ್ ಡು ಯು ಥಿಂಕ್ ಆಫ್ ದ ಪ್ಲಾನ್' ಎಂದರೆ ನಿಮ್ಮ ಅಭಿಪ್ರಾಯ ಕೇಳುತ್ತಿದ್ದಾರೆ. 'ಥಿಂಕ್ ಅಬೌಟ್ ದ ಪ್ಲಾನ್' ಎಂದರೆ ಹೋಗಿ ಯೋಚಿಸಿ ಬನ್ನಿ ಎಂದು.

ಕೊನೆಗೆ ಕಲಿಕೆ. ಕನ್ನಡದ 'ಓದು' ಮತ್ತು 'ಕಲಿ' ನೆನಪಿಟ್ಟುಕೊಂಡರೆ ಸ್ಟಡಿ, ಲರ್ನ್ ಎರಡೂ ದಾರಿಗೆ ಬರುತ್ತವೆ. ಸ್ಟಡಿ ಪ್ರಯತ್ನ, ಲರ್ನ್ ಫಲ. ರಾತ್ರಿಯೆಲ್ಲ ಸ್ಟಡಿ ಮಾಡಿಯೂ ಏನನ್ನೂ ಲರ್ನ್ ಮಾಡದೆ ಇರಬಹುದು. ಸ್ಟಡಿಯೇ ಇಲ್ಲದೆ ಮಗು ಮಾತು ಕಲಿಯುತ್ತದೆ, ಅದು ಲರ್ನ್. 'ಐ ಲರ್ನ್ಟ್ ಹೋಲ್ ನೈಟ್ ಫಾರ್ ದ ಎಕ್ಸಾಮ್' ತಪ್ಪಾಗುವುದು ಇದರಿಂದ. ಸುದ್ದಿ ತಿಳಿಯುವುದಕ್ಕೂ ಲರ್ನ್ ಬರುತ್ತದೆ, 'ಐ ಲರ್ನ್ಡ್ ದಟ್ ಶಿ ಹ್ಯಾಡ್ ಲೆಫ್ಟ್', ಅವಳು ಹೋದಳೆಂದು ತಿಳಿಯಿತು. ಲರ್ನ್ಟ್, ಲರ್ನ್ಡ್ ಎರಡೂ ಸರಿ. ಬ್ರಿಟಿಷರಲ್ಲಿ ಎರಡೂ ಇವೆ, ಅಮೆರಿಕದವರು ಎರಡನೆಯದನ್ನು ಬರೆಯುತ್ತಾರೆ. ಆದರೆ 'ಲರ್ನೆಡ್' ಎಂದು ಎರಡು ಉಸಿರಿನಲ್ಲಿ ಹೇಳಿದರೆ ವಿದ್ವಾಂಸ ಎಂಬ ವಿಶೇಷಣ. ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ಲರ್ನ್ ಅಂದರೆ ಕಲಿಸು ಎಂದೂ ಇತ್ತು. ಈಗ ಹಾಗೆ ಬರೆದರೆ ತಪ್ಪು.

ಬೈಹಾರ್ಟ್ ಮಾಡುವುದು ನಮ್ಮ ಕಡೆಯ ಇಂಗ್ಲಿಷ್. 'ಐ ಬೈಹಾರ್ಟೆಡ್ ಇಟ್' ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. 'ಐ ಲರ್ನ್ಟ್ ಇಟ್ ಬೈ ಹಾರ್ಟ್' ಎನ್ನಬೇಕು. ಅವರ ಪಾಠ ಎದೆಯಲ್ಲಿ ಉಳಿದರೆ ನಮ್ಮದು ಬಾಯಲ್ಲಿ, ಕಂಠದಲ್ಲಿ. 'ಬೈ ರೋಟ್' ಅಂದರೆ ಅರ್ಥ ತಿಳಿಯದೆ ಉರು ಹೊಡೆದದ್ದು, ಅದು ಟೀಕೆಯ ಮಾತು.

ಡೆಲಿಬರೇಟ್ ಕಲಿಕೆಯ ಲೋಕಕ್ಕೂ ಬಂದಿದೆ. ಅಲ್ಲಿ ಅದರ ಮಾನ ಹೆಚ್ಚು. 1993ರಲ್ಲಿ ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 'ಡೆಲಿಬರೇಟ್ ಪ್ರಾಕ್ಟಿಸ್' ಎಂಬ ಮಾತನ್ನು ಚಾಲ್ತಿಗೆ ತಂದರು. ಅದರಿಂದಲೇ ಆಮೇಲೆ 10,000 ಗಂಟೆ ಅಭ್ಯಾಸ ಮಾಡಿದರೆ ನಿಪುಣರಾಗಬಹುದು ಎಂಬ ಮಾತು ಹಬ್ಬಿತು, ಮುಖ್ಯವಾಗಿ 2008ರಲ್ಲಿ ಮಾಲ್ಕಂ ಗ್ಲಾಡ್‌ವೆಲ್ ಬರೆದ ಪುಸ್ತಕದಿಂದ. ಗಂಟೆ ಎಣಿಸುವುದೇ ಮುಖ್ಯವಲ್ಲ ಎಂದು ಎರಿಕ್ಸನ್ ಆಮೇಲೆ ಆಕ್ಷೇಪ ಎತ್ತಿದರು. ಅವರು ಹೇಳಿದ್ದು ತನ್ನ ದೋಷ ಎಲ್ಲಿದೆ ಎಂದು ಗುರುತಿಸಿ, ಅದನ್ನೇ ಗುರಿ ಮಾಡಿ, ತಪ್ಪು ಹೇಳುವವರ ಎದುರು ತಿದ್ದಿಕೊಳ್ಳುತ್ತಾ ಮಾಡುವ ಅಭ್ಯಾಸ. ಇಷ್ಟವಾದ ರಾಗವನ್ನು ನೂರು ಸಲ ನುಡಿಸುವುದು ಅದಲ್ಲ. ಇಲ್ಲಿ ಡೆಲಿಬರೇಟ್ ಪದವನ್ನು 'ಉದ್ದೇಶಪೂರ್ವಕ' ಎಂದು ಬರೆದರೆ ಅರ್ಧ ಅರ್ಥ ಹೋಗುತ್ತದೆ. 'ಗಮನವಿಟ್ಟು ಮಾಡುವ ಅಭ್ಯಾಸ' ಹತ್ತಿರ ಬರುತ್ತದೆ. ಡೆಲಿಬರೇಟ್ಲಿ ಎಂದು ಬರೆಯಲು ಭಯವಾಗಿರುವ ನೀವು 'ಡೆಲಿಬರೇಟ್ ಪ್ರಾಕ್ಟಿಸ್' ಎಂದು ಧೈರ್ಯವಾಗಿ ಬರೆಯಬಹುದು.

ನಿಘಂಟು ಕೊಳ್ಳುವುದಾದರೆ ಇಂಗ್ಲಿಷಿನಿಂದ ಇಂಗ್ಲಿಷಿಗೆ ಇರುವ, ಕಲಿಯುವವರಿಗಾಗಿಯೇ ಮಾಡಿದ ಒಂದನ್ನು ಇಟ್ಟುಕೊಳ್ಳಿ. ಸಿಂಕ್ಲೇರ್ ಅವರ ತಂಡ 1987ರಲ್ಲಿ ತಂದ ಕೋಬಿಲ್ಡ್ ನಿಘಂಟಿನಲ್ಲಿ ಅರ್ಥಗಳನ್ನು ಪೂರ್ತಿ ವಾಕ್ಯವಾಗಿಯೇ ಕೊಡುತ್ತಾರೆ. ಪದ ಯಾರ ಜೊತೆ ಬರುತ್ತದೆ ಎಂಬುದು ಅದೇ ವಾಕ್ಯದಲ್ಲಿ ಕಾಣುತ್ತದೆ. ಇಂಗ್ಲಿಷ್-ಕನ್ನಡ ನಿಘಂಟನ್ನು ಎಸೆಯಬೇಡಿ, ಅರ್ಥ ಬೇಗ ತಿಳಿಯಲು ಅದು ಬೇಕು. ಆದರೆ ಇಮೇಲ್ ಕಳಿಸುವ ಮೊದಲು ಹೊಸ ಪದ ಕಂಡರೆ ಅದರ ಉದಾಹರಣೆ ವಾಕ್ಯಗಳಲ್ಲಿ ನಾಲ್ಕೈದನ್ನು ಓದಿ. ಸುತ್ತ ಬೆಂಕಿ, ಮೋಸ, ಸುಳ್ಳು ಇದ್ದರೆ ಬೇರೆ ಪದ ಹುಡುಕಿ.